ಬೆಳ್ಳಕ್ಕಿ ಮತ್ತು ಬೂದು ಗರಿ

ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಾಗಲಿ, ಮಂಡ್ಯದ ನಾಲೆ ಬದಿಯ ಗದ್ದೆಯಲ್ಲಾಗಲಿ, ದೊಡ್ಡ ಬಿಳಿ ಹಕ್ಕಿ ಕಂಡರೆ ಮೊದಲು ಬಾಯಿಯ ಸೀಳು ನೋಡಿ. ಆ ಗೆರೆ ಕಣ್ಣು ದಾಟಿ ಹಿಂದಕ್ಕೆ ಹೋದರೆ ದೊಡ್ಡ ಬೆಳ್ಳಕ್ಕಿ, ಕಣ್ಣಿನ ಕೆಳಗೇ ನಿಂತರೆ ಮಧ್ಯಮ ಬೆಳ್ಳಕ್ಕಿ. ಕೊಕ್ಕಿನ ಹಳದಿ ನಂಬಿದರೆ ಕೆಟ್ಟಿರಿ, ಮರಿ ಮಾಡುವ ಕಾಲಕ್ಕೆ ಎರಡರದ್ದೂ ಕಪ್ಪಾಗುತ್ತದೆ. ಕತ್ತು ಮಡಚಿ ಕೂತಾಗ ಗಾತ್ರವೂ ಮೋಸವೇ.

ಚಿಕ್ಕ ಬೆಳ್ಳಕ್ಕಿ ಸುಲಭ. ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ. ಕೆಸರಿನಿಂದ ಕಾಲೆತ್ತುವ ತನಕ ಕಾಯಬೇಕು, ಅಷ್ಟೆ. ತಲೆನೋವು ಶುರುವಾಗೋದು ಅದರ ಮೈಮೇಲೆ ಬೂದು ಗರಿ ಕಂಡಾಗ. ತಕ್ಷಣ 'ಮಿಶ್ರತಳಿ' ಅಂತ ಪಕ್ಷಿವೀಕ್ಷಕರ ಗ್ರೂಪಿಗೆ ಹಾಕುವ ಆತುರ ನಮ್ಮವರಿಗೆ! (ಅಪರೂಪದ್ದು ಸಿಗಲಿ ಅನ್ನೋ ಆಸೆ ಕಣ್ಣಿಗಿಂತ ಮುಂಚೆ ಓಡುತ್ತೆ.) ಕರಾವಳಿಯ ರೀಫ್ ಎಗ್ರೆಟ್ (ಬೂದು ಬಣ್ಣದಲ್ಲೂ ಕಾಣುವ ಬೆಳ್ಳಕ್ಕಿ) ಜೊತೆ ಚಿಕ್ಕ ಬೆಳ್ಳಕ್ಕಿ ಕೂಡಿ ಮರಿ ಮಾಡುವುದುಂಟು, ನಿಜ. ಆದರೆ ಮಿಶ್ರತಳಿ ಅನ್ನೋದಕ್ಕೆ ಬೂದು ಗರಿಯೊಂದೇ ಸಾಲದು. ಕೊಕ್ಕು ತುಸು ದಪ್ಪಗೆ, ಕಂದು ಛಾಯೆಯಲ್ಲಿ, ಕೊಂಚ ಬಾಗಿರಬೇಕು. ಪಾದದ ಹಳದಿ ಕಾಲಿನ ಮೇಲಕ್ಕೂ ಹಬ್ಬಿರಬೇಕು. ತಲೆಯ ಪಕ್ಕನೋಟ, ನೀರಿನಿಂದ ಹೊರಗಿರುವ ಪೂರ್ತಿ ಕಾಲು, ಬಿಚ್ಚಿದ ರೆಕ್ಕೆ, ಈ ಮೂರರ ಫೋಟೊ ಇಲ್ಲದಿದ್ದರೆ 'ಬೂದು ಗರಿಯಿರುವ ಚಿಕ್ಕ ಬೆಳ್ಳಕ್ಕಿ' ಅಂತಲೇ ಬರೆದುಕೊಳ್ಳಿ.