ಆಂಕಿ ಕಟ್ಟು: ‘ಟರ್ನ್ ಟು’ ಕೊನೆಗೂ ದಾರಿಗೆ ಬಂತು

ನೆರವು ಕೇಳುವಾಗ ಬಳಸುವ, ಕ್ರಿಯಾಪದಕ್ಕೆ ಪುಟ್ಟ ಪದ ಸೇರಿದ ಇಂಗ್ಲಿಷ್ ಫ್ರೇಸಲ್ ವರ್ಬ್‌ಗಳ ಆಂಕಿ (ಪ್ರಶ್ನೋತ್ತರದ ಕಾರ್ಡುಗಳನ್ನು ಮತ್ತೆ ಮತ್ತೆ ತೋರಿಸಿ ನೆನಪಿಡಿಸುವ ಆ್ಯಪ್) ಕಾರ್ಡಿನ ಕಟ್ಟು ಬಹುಮಟ್ಟಿಗೆ ಸಿದ್ಧವಾಗಿದೆ. ‘ಹೆಲ್ಪ್ ಹಿಮ್ ಔಟ್’ನಂತೆ ಒಡೆದು ನಿಲ್ಲುವ ಜಾತಿ ಸುಲಭ: ಎರಡೂ ತುಂಡುಗಳಿಗೆ ಒಂದೇ ಕ್ಲೋಜ್ (ಪದ ಮುಚ್ಚಿ ಬಿಟ್ಟ ಖಾಲಿ ಜಾಗ) ಸಂಖ್ಯೆ ಕೊಟ್ಟರೆ ನಡುವಿನ ‘ಹಿಮ್’ ಮಾತ್ರ ಕಾಣುತ್ತದೆ. ಬೇರೆ ಸಂಖ್ಯೆ ಕೊಟ್ಟರೆ ಒಂದು ತುಂಡು ಇನ್ನೊಂದರ ಗುಟ್ಟು ಬಿಟ್ಟುಕೊಡುತ್ತದೆ.

ತಲೆ ತಿಂದದ್ದು ಈ ವಾಕ್ಯ: ‘ಐ ಕ್ಯಾನ್ ಆಲ್ವೇಸ್ ___ ಮೈ ಸಿಸ್ಟರ್.’ ಇಲ್ಲಿ ‘ಟರ್ನ್ ಟು’, ‘ಕೌಂಟ್ ಆನ್’, ‘ಲೀನ್ ಆನ್’, ‘ಫಾಲ್ ಬ್ಯಾಕ್ ಆನ್’ ಎಲ್ಲವೂ ಆರಾಮಾಗಿ ಕೂರುತ್ತವೆ. ನಾನು ‘ಕೌಂಟ್ ಆನ್’ ಎಂದರೆ ಕಾರ್ಡಿನ ಹಿಂಬದಿಯಲ್ಲಿ ‘ಟರ್ನ್ ಟು’ ಇರುತ್ತದೆ, ‘ಅಗೇನ್’ (ತಪ್ಪಾಯಿತು, ಮತ್ತೆ ತೋರಿಸು) ಒತ್ತಬೇಕು. ಸರಿಯುತ್ತರಕ್ಕೆ ಶಿಕ್ಷೆ! ಯಾವ ಕಾರ್ಡು ಮತ್ತೆ ಯಾವಾಗ ಬರಬೇಕೆಂದು ಲೆಕ್ಕ ಹಾಕುವ ಎಫ್‌ಎಸ್‌ಆರ್‌ಎಸ್ ಪಾಪ, ನನಗೆ ಮರೆವು ಹೆಚ್ಚಾಗಿದೆ ಎಂದುಕೊಂಡು ಅದೇ ಕಾರ್ಡನ್ನು ತಂದು ತಂದು ಎದುರಿಗಿಟ್ಟಿತು. ಕೊನೆಗೆ ಆಂಕಿ ಅದಕ್ಕೆ ‘ಲೀಚ್’ (ಜಿಗಣೆ, ಪದೇ ಪದೇ ತಪ್ಪುವ ಕಾರ್ಡು) ಎಂಬ ಹಣೆಪಟ್ಟಿ ಕಟ್ಟಿ ಅಮಾನತಿನಲ್ಲಿಟ್ಟಿತು.

ಮೊದಲಕ್ಷರವನ್ನು ಸುಳಿವಾಗಿ ಕೊಟ್ಟೆ. ‘ಟಿ’ ಕಂಡ ಕೂಡಲೇ ಉತ್ತರ ಹೊಳೆದು, ವಾಕ್ಯ ಓದುವ ಗೋಜೇ ಉಳಿಯಲಿಲ್ಲ. ಕನ್ನಡದ ಅರ್ಥ ಕೊಟ್ಟರೆ ‘ನೆಚ್ಚಿಕೊಳ್ಳು’ ಎಂಬುದು ಮೂರಕ್ಕೆ ಒಗ್ಗುತ್ತದೆ.

ಗಂಟು ಬಿಚ್ಚಿದ್ದು ಖಾಲಿ ಜಾಗದ ಆಚೀಚೆ ಇರುವ ಮಾತು ಬದಲಿಸಿದಾಗ. ‘ಟರ್ನ್ ಟು’ ಕಾರ್ಡಿಗೆ ‘ಹೂ ಡಿಡ್ ಯೂ ___ ಫಸ್ಟ್?’ ಎಂದು ಬರೆದೆ, ಎಂದರೆ ಕಷ್ಟ ಬಂದ ಗಳಿಗೆಯಲ್ಲಿ ಮೊದಲು ಯಾರ ಬಳಿ ಓಡಿದೆ ಎಂದು. ‘ಫಾಲ್ ಬ್ಯಾಕ್ ಆನ್’ಗೆ ಮೊದಲ ಸರದಿ ಸಿಗದು, ಇನ್ನೊಂದು ದಾರಿ ಮುಚ್ಚಿದ ಮೇಲೆಯೇ ಅದರ ಪ್ರವೇಶ. ಅದಕ್ಕೆ ‘ಸಾಲ ಸಿಗದಿದ್ದರೂ ಉಳಿತಾಯವಿದೆ’ ಎಂಬ ವಾಕ್ಯ ಕೊಟ್ಟೆ. ಅಲ್ಲಿಗೂ ‘ಟರ್ನ್ ಟು’ ನುಸುಳಲು ನೋಡಿತು, ಹಾಗಾಗಿ ‘ಬ್ಯಾಕ್’ ಅನ್ನು ಮುಚ್ಚದೆ ಬಯಲಿಗೇ ಬಿಟ್ಟೆ. ‘ಕೌಂಟ್ ಆನ್’ನಲ್ಲಿ ಇನ್ನೂ ಯಾರನ್ನೂ ಏನೂ ಕೇಳಿರುವುದಿಲ್ಲ, ಬರುತ್ತಾರೆಂಬ ಭರವಸೆ ಅಷ್ಟೆ. ‘ಟು ಬಿ ದೇರ್ ಅಟ್ ಸಿಕ್ಸ್’ ಎಂಬ ಬಾಲ ಅಂಟಿಸಿದೆ, ‘ಟರ್ನ್ ಟು’ ಆ ಬಾಲ ಹೊರಲಾರದು. ‘ಲೀನ್ ಆನ್’ ಮಾತ್ರ ಕಿಲಾಡಿ. ಅಕ್ಕನಿಗೆ ಒರಗಿಕೊಂಡರೆ ಆಸರೆ, ಗುತ್ತಿಗೆದಾರನ ಮೇಲೆ ಪ್ರಯೋಗಿಸಿದರೆ ಒತ್ತಡ ಹೇರಿದಂತೆ. ಅದಕ್ಕೆ ಎರಡು ಕಾರ್ಡು.

ಮೊಬೈಲ್ ಬೇಡವೆನ್ನುವ ಅತ್ತಿಗೆಗಾಗಿ ಕಾಗದದ ಪ್ರತಿಯನ್ನೂ ಮಾಡಿಸಿದೆ. 300 ಜಿಎಸ್‌ಎಂ (ದಪ್ಪ ಕಾಗದ) ಎಂದು ಮುದ್ರಕರು ದುಡ್ಡು ಪಡೆದರು. ಬಂದ ಕಾರ್ಡನ್ನು ದೀಪಕ್ಕೆ ಹಿಡಿದರೆ ಹಿಂಬದಿಯ ಉತ್ತರ ನಿಚ್ಚಳವಾಗಿ ಕಾಣುತ್ತದೆ. ವಿಚಾರಿಸಿದರೆ, ‘ಕಲಿಯುವವರಿಗೆ ಅನುಕೂಲವೇ ಆಯಿತಲ್ಲ ಸಾರ್’ ಎಂಬ ಸಮಾಧಾನ!

ಈ ನಡುವೆ ಮುಂದಿನ ಕಟ್ಟಿನ ಹುಚ್ಚು ಹತ್ತಿದೆ, ಬೆಂಗಳೂರಿಗೆ ಬಂದು ಕನ್ನಡ ಕಲಿಯುವವರಿಗಾಗಿ. ‘ಬರೆದುಕೊಡಿ’, ‘ಬರೆದುಕೊಳ್ಳಿ’ ಇವೆರಡು ಅದಲುಬದಲಾದರೆ ನೆರವು ಕೇಳುವವರೇ ಅಪ್ಪಣೆ ಕೊಟ್ಟಂತಾಗುತ್ತದೆ. ಇಲ್ಲಿ ಮುಚ್ಚಬೇಕಾದ್ದು ಪದದ ಬಾಲವನ್ನು ಮಾತ್ರ, ಪದದೊಳಗೆ ಕ್ಲೋಜ್ ಹಾಕಿದರೆ ಸಂಧಿ, ಒತ್ತಕ್ಷರಗಳು ಹೇಗೆ ಒಡೆಯುತ್ತವೋ ನೋಡಬೇಕು. ಅದಕ್ಕೂ ಮೊದಲು ‘ಕಾಲ್ ಆನ್’ ಬಾಕಿಯಿದೆ: ಸರ್ಕಾರವನ್ನು ಆಗ್ರಹಿಸುವುದಕ್ಕೂ ನೆಂಟರ ಮನೆಗೆ ಹೋಗಿಬರುವುದಕ್ಕೂ ಅದೇ ಪದ.