ಕನ್ನಡಕ ಹುಡುಕುವ ದೃಶ್ಯ ಮತ್ತು 50 ಫ್ರೇಮ್

ದೈನಿಕ ಧಾರಾವಾಹಿಯೊಂದರ ಎಡಿಟಿಂಗ್ ಕೋಣೆಗೆ ಸೇರಿದ ಮೊದಲ ವರ್ಷ ನನ್ನ ಪಾಲಿಗೆ ಸಾವಿನ ಮನೆಯ ಒಂದು ದೃಶ್ಯ ಬಂತು. ಅಜ್ಜಿ ತೀರಿಕೊಂಡಿದ್ದಾಳೆ. ಶವ ನಡುಮನೆಯಲ್ಲಿದೆ, ಜಗುಲಿಯಲ್ಲಿ ಕುಳಿತ ಅಜ್ಜನಿಗೆ ಪುರೋಹಿತರು ಬರೆದುಕೊಟ್ಟ ಸಾಮಾನಿನ ಪಟ್ಟಿ ಓದಲು ಕನ್ನಡಕ ಬೇಕು. ಕಪಾಟು, ದೇವರ ಗೂಡು, ಹಾಸಿಗೆಯ ಅಡಿ ಎಲ್ಲವನ್ನೂ ಮೂವರು ಮಕ್ಕಳು ತಡಕಾಡಿ ಸೋತಾಗ ಅಜ್ಜ ಸಿಡುಕುತ್ತಾನೆ: "ನಿಮ್ಮ ಕೈಲಾಗಲ್ಲ, ಒಳಗೆ ಹೋಗಿ ನಿಮ್ಮಮ್ಮನ್ನೇ ಕೇಳ್ರೋ." ದೊಡ್ಡ ಮಗ "ಹೂಂ" ಎಂದು ಎರಡು ಹೆಜ್ಜೆ ಇಟ್ಟು, ಹೊಸ್ತಿಲ ಬಳಿ ನಿಂತುಬಿಡುತ್ತಾನೆ.

ಇದು ನಗಿಸಬೇಕಾದ ದೃಶ್ಯವೋ ಅಳಿಸಬೇಕಾದದ್ದೋ ಎಂಬ ಗೊಂದಲದಲ್ಲಿ ನಾನು ಎರಡನ್ನೂ ಬೇರೆ ಬೇರೆ ಮಾಡಿದೆ. ಹುಡುಕಾಟಕ್ಕೆ ಧಾರಾವಾಹಿಗಳಲ್ಲಿ ರೂಢಿಯಲ್ಲಿರುವ ತಮಾಷೆಯ ಸದ್ದುಗಳನ್ನು ಹಾಕಿ, ಅಜ್ಜನ ಮಾತು ಮುಗಿದ ಕೂಡಲೇ ನೆಂಟರ ಮುಖಕ್ಕೆ ಕಟ್ ಮಾಡಿ, ಅಲ್ಲಿಂದ ಕೊಳಲಿನ ಶೋಕದ ಹಿನ್ನೆಲೆ ಸಂಗೀತ ಆರಂಭಿಸಿದೆ. ಮಗ ಹೊಸ್ತಿಲಲ್ಲಿ ನಿಂತ ಶಾಟ್ ಕೇವಲ 12 ಫ್ರೇಮ್, ಅಂದರೆ ಸುಮಾರು ಅರ್ಧ ಸೆಕೆಂಡು, ಉಳಿಯಿತು.

ಹಿರಿಯ ಸಂಕಲನಕಾರರು ನೋಡಿ, ಏನೂ ಹೇಳದೆ ಸದ್ದಿನ ಟ್ರ್ಯಾಕ್‌ಗಳನ್ನೆಲ್ಲ ಮ್ಯೂಟ್ ಮಾಡಿದರು. ನೆಂಟರ ಮುಖಗಳನ್ನು ತೆಗೆದರು, ಮಗನ ಬೆನ್ನನ್ನು 50 ಫ್ರೇಮಿಗೆ ಎಳೆದರು. ನಮ್ಮ ಟೀವಿಯಲ್ಲಿ ಸೆಕೆಂಡಿಗೆ 25 ಫ್ರೇಮ್, ಅಂದರೆ ಬರೀ ಎರಡು ಸೆಕೆಂಡು. ಪಕ್ಕದಲ್ಲಿ ಕುಳಿತಿದ್ದ ಸಹಾಯಕ ನಿರ್ದೇಶಕಿ ಅಜ್ಜನ ಮಾತಿಗೆ ನಕ್ಕರು, ಆ ನಗು ಮುಗಿಯುವ ಮೊದಲೇ ಕಣ್ಣೊರೆಸಿಕೊಂಡರು. ನಗುವೂ ದುಃಖವೂ ಒಂದೇ ಮಾತಿನೊಳಗಿದ್ದವು: ಆ ಮನೆಯಲ್ಲಿ ಎಲ್ಲಿ ಏನಿದೆ ಎಂದು ಬಲ್ಲವಳು ತೀರಿಕೊಂಡ ಅಜ್ಜಿಯೊಬ್ಬಳೇ. ನಾನು ಹಾಕಿದ್ದ ಸದ್ದು ಅಜ್ಜನನ್ನು ಮರೆಗುಳಿ ಮುದುಕನನ್ನಾಗಿ ಮಾಡಿತ್ತು, ಕೊಳಲು ಅವನನ್ನು ಬಡಪಾಯಿಯನ್ನಾಗಿ ಮಾಡಿತ್ತು, ಆದರೆ ಅವನು ಐವತ್ತು ವರ್ಷದ ಅಭ್ಯಾಸ ಬಿಡಲಾಗದ ಗಂಡ.

ಹಾಸ್ಯಕ್ಕೆ ಕರುಣ, ಅಂದರೆ ಶೋಕದ ರಸ, ವಿರೋಧಿ ಎಂದು ಸಂಸ್ಕೃತ ಕಾವ್ಯಶಾಸ್ತ್ರ ಗ್ರಂಥ 'ಸಾಹಿತ್ಯದರ್ಪಣ' ಬರೆದ ವಿಶ್ವನಾಥ ಹೇಳಿದ್ದಾನೆ. ನಮ್ಮ ಹಳೆಯ ಸಿನಿಮಾಗಳಲ್ಲೂ ಎಷ್ಟೋ ಬಾರಿ ಕಾಮಿಡಿ ಟ್ರ್ಯಾಕ್ ಕಥೆಗೆ ಅಂಟದೆ ಪಕ್ಕದಲ್ಲೇ ಸಾಗುತ್ತಿತ್ತು. ಅದಕ್ಕೆ ಅದರದೇ ಚೆಲುವಿತ್ತು, ಆದರೆ ನಗುವನ್ನೂ ದುಃಖವನ್ನೂ ಬೆರೆಸುವುದೆಂದರೆ ಅಷ್ಟೇ ಎಂದು ನಾನು ತಿಳಿದಿದ್ದೆ. ನನ್ನ ತಿಳಿವಳಿಕೆಯನ್ನು ಪೂರ್ತಿ ಬದಲಿಸಿದ್ದು ರಾಮ್ ರೆಡ್ಡಿ ನಿರ್ದೇಶನದ 'ತಿಥಿ'. ಮಂಡ್ಯ ಸೀಮೆಯ ಹಳ್ಳಿಯಲ್ಲಿ, ವೃತ್ತಿಪರ ನಟರಲ್ಲದ ಊರಿನವರನ್ನೇ ಇಟ್ಟುಕೊಂಡು ತೆಗೆದು, 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದ ಆ ಚಿತ್ರ ಆರಂಭವಾಗುವುದೇ 101 ವರ್ಷದ ಸೆಂಚುರಿ ಗೌಡನ ಸಾವಿನಿಂದ. ಮೊಮ್ಮಗ ತಮ್ಮಣ್ಣ ಜಮೀನು ಮಾರಲು ಒದ್ದಾಡುತ್ತ, ಬದುಕಿರುವ ತಂದೆಯನ್ನೇ ಕಾಗದದ ಮೇಲೆ ಸಾಯಿಸಲು ಹೊರಡುತ್ತಾನೆ. ನಮಗೆ ನಗು ಬರುತ್ತದೆ, ಆದರೆ ಪರದೆಯ ಮೇಲಿರುವ ಯಾರಿಗೂ ತಾವು ಹಾಸ್ಯದೊಳಗಿದ್ದೇವೆ ಎಂಬ ಅರಿವಿಲ್ಲ, ಏಕೆಂದರೆ ತಮ್ಮಣ್ಣನಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ.

ಈಗ ಇಂಥ ದೃಶ್ಯ ಬಂದರೆ ಮೊದಲು ಸಂಭಾಷಣೆ ಮತ್ತು ಸ್ಥಳದ ಸದ್ದಿನಲ್ಲಷ್ಟೇ ಜೋಡಿಸುತ್ತೇನೆ. ಪಾತ್ರಕ್ಕೆ ನಿಜವಾಗಿ ಬೇಕಾದದ್ದೇನು ಎಂದು ಕೇಳಿಕೊಂಡು, ಆ ಬೇಡಿಕೆ ಮುಖದಲ್ಲಿ ಕಾಣುವವರೆಗೆ ಕಟ್ ಮಾಡುವುದಿಲ್ಲ. ವಾಹಿನಿಯವರು ಮೌನ ಕಂಡರೆ ಸಂಗೀತ ತುಂಬಿಸಿ ಎನ್ನುತ್ತಾರೆ. ಎಪಿಸೋಡಿನ ಅವಧಿ ಹೆಚ್ಚಾದಾಗ ಮೊದಲು ಕತ್ತರಿ ಬೀಳುವುದೂ ಇಂಥ ಶಾಟ್‌ಗಳಿಗೇ. ಹಾಗೆ ಕೇಳಿದಾಗ ಬೇರೆಲ್ಲಾದರೂ ಬಾಗಿಲು ತೆಗೆಯುವ, ಮೆಟ್ಟಿಲು ಹತ್ತುವ ಶಾಟ್‌ಗಳನ್ನು ಬಿಟ್ಟುಕೊಟ್ಟು, ಆ ಎರಡು ಸೆಕೆಂಡುಗಳನ್ನು ಉಳಿಸಿಕೊಳ್ಳುತ್ತೇನೆ.