ಕೈ ಸುಟ್ಟರೆ ಕೇಸಿಲ್ಲ, ಕುರ್ತಾ ಹಾಳಾದರೆ ಉಂಟು

ನ್ಯೂಜಿಲೆಂಡ್‌ನಲ್ಲಿ ಯಾರದೋ ಅಜಾಗರೂಕತೆಯಿಂದ ನಿಮಗೆ ಗಾಯವಾದರೆ ಅವರ ಮೇಲೆ ಪರಿಹಾರದ ಕೇಸು ಹಾಕುವ ಹಾಗಿಲ್ಲ. ಇದನ್ನು ಊರಿನಲ್ಲಿರುವ ಅಣ್ಣನಿಗೆ ನಂಬಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಆಗಿದ್ದು ಇಷ್ಟೇ. ಆಕ್ಲೆಂಡ್‌ನ ಒಂದು ಪಾರ್ಲರಿನಲ್ಲಿ ವ್ಯಾಕ್ಸಿಂಗ್ ಮಾಡುತ್ತಿದ್ದ ಹುಡುಗಿ ಬಿಸಿ ಎಷ್ಟಿದೆ ಅಂತ ನೋಡದೆ ಹಚ್ಚಿಬಿಟ್ಟಳು. ಮೊಣಕೈ ಕೆಳಗೆ ಚರ್ಮ ಕೆಂಪಾಯಿತು, ರಾತ್ರಿ ಹೊತ್ತಿಗೆ ಬೊಬ್ಬೆ ಎದ್ದಿತು. "ಸುಮ್ನೆ ಬಿಡಬೇಡ ಕಣೇ, ಒಂದು ಕೇಸು ಜಡಿ. ಫಾರಿನ್ನಲ್ಲಿ ಲಕ್ಷಗಟ್ಟಲೆ ಕೊಡ್ತಾರಂತೆ" ಅಂದ ಅಣ್ಣ. ಅವನ ತಲೆಯಲ್ಲಿದ್ದದ್ದು ಅಮೆರಿಕ. ಇಲ್ಲಿ ಹಾಗಿಲ್ಲ ಅಂದರೆ, "ಅದೆಂಥಾ ದೇಶವೇ ಅದು?"

ಈ ದೇಶದ ಲೆಕ್ಕವೇ ಬೇರೆ. ಓವನ್ ವುಡ್‌ಹೌಸ್ ಎಂಬ ನ್ಯಾಯಾಧೀಶರ ಆಯೋಗ 1967ರಲ್ಲಿ ಒಂದು ವರದಿ ಕೊಟ್ಟಿತು. ಪೆಟ್ಟು ತಿಂದವರು ತಪ್ಪು ಯಾರದು ಅಂತ ಕೋರ್ಟಿನಲ್ಲಿ ಸಾಬೀತು ಮಾಡಬೇಕಾದ ಪದ್ಧತಿ ಒಂಥರಾ ಲಾಟರಿ ಅಂತಲೇ ಅದರಲ್ಲಿ ಬರೆದಿದ್ದರು. ಅದರ ಫಲವಾಗಿ 1974ರ ಏಪ್ರಿಲ್ 1ರಿಂದ ಹೊಸ ವ್ಯವಸ್ಥೆ ಬಂತು. ಇಲ್ಲಿ ಎಲ್ಲರ ಬಾಯಲ್ಲೂ ಅದು ಎಸಿಸಿ. ಅದನ್ನು ನಡೆಸುವ ಸರ್ಕಾರಿ ಸಂಸ್ಥೆ ಆಕ್ಸಿಡೆಂಟ್ ಕಾಂಪೆನ್ಸೇಶನ್ ಕಾರ್ಪೊರೇಷನ್, ಅದರ ಚುಟುಕು ಹೆಸರು ಇದು. ತಪ್ಪು ಪಾರ್ಲರಿನದಾಗಲಿ, ನಿಮ್ಮದೇ ಆಗಲಿ, ಅಪಘಾತದ ಚಿಕಿತ್ಸೆಗೆ ಎಸಿಸಿ ದುಡ್ಡು ಕೊಡುತ್ತದೆ. ಕೆಲಸಕ್ಕೆ ಹೋಗಲಾಗದಿದ್ದರೆ ಎರಡನೇ ವಾರದಿಂದ ಸಂಬಳದ ಶೇ. 80ರಷ್ಟು ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ಜನ ಕೇಸು ಹಾಕುವ ಹಕ್ಕು ಬಿಟ್ಟುಕೊಟ್ಟಿದ್ದಾರೆ. ಬೇಕೆಂದೇ ಅಥವಾ ತೀರಾ ಲಂಗುಲಗಾಮಿಲ್ಲದೆ ನಡೆದುಕೊಂಡವರಿಗೆ ಶಿಕ್ಷೆಯ ರೂಪದಲ್ಲಿ ದಂಡ ಕಟ್ಟಿಸಲು ಒಂದು ಸಣ್ಣ ಕಿಂಡಿ ಇದೆ, ಅಷ್ಟೇ. ನನ್ನ ಬೊಬ್ಬೆ ಅದರಲ್ಲಿ ತೂರುವಂಥದ್ದಲ್ಲ.

ದುಡ್ಡೇನೂ ಆಕಾಶದಿಂದ ಬೀಳುವುದಿಲ್ಲ. ನಮ್ಮ ಸಂಬಳದಲ್ಲಿ ಪ್ರತಿ ಸಲ ಸ್ವಲ್ಪ ಕಡಿತವಾಗುತ್ತದೆ. ಕೆಲಸ ಕೊಡುವವರೂ ಕಟ್ಟುತ್ತಾರೆ, ಪೆಟ್ರೋಲ್ ಬೆಲೆಯಲ್ಲೂ ಒಂದು ಪಾಲು ಸೇರಿದೆ.

ಡಾಕ್ಟರ್ ಹತ್ತಿರ ಹೋದಾಗ ಎಲ್ಲಿ, ಯಾವಾಗ, ಹೇಗೆ ಆಯಿತು ಅಂತ ಕೇಳಿದರು. ಯಾರ ತಪ್ಪು ಅಂತ ಕೇಳಲೇ ಇಲ್ಲ. ನಾನು ಪಾರ್ಲರಿನ ಕಥೆ ಪೂರ್ತಿ ಹೇಳಲು ತಯಾರಾಗಿ ಹೋಗಿದ್ದೆ! ಅವರು ಕಂಪ್ಯೂಟರಿನಲ್ಲೇ ಫಾರಂ ತುಂಬಿ ಎಸಿಸಿಗೆ ಕಳಿಸಿದರು. ನನ್ನ ಕೈಯಿಂದ ಹೋಗಿದ್ದು ಎಸಿಸಿ ಭರಿಸದೆ ಉಳಿದ ಒಂದಿಷ್ಟು ಫೀಸು ಮಾತ್ರ.

ಇನ್ನು ತಮಾಷೆ ನೋಡಿ. ಆ ವ್ಯಾಕ್ಸ್ ನನ್ನ ಕುರ್ತಾ ಮೇಲೂ ಬಿದ್ದಿತ್ತು. ಕೈ ಸುಟ್ಟಿದ್ದಕ್ಕೆ ಪಾರ್ಲರಿನಿಂದ ಪರಿಹಾರ ಪಡೆಯುವಂತಿಲ್ಲ, ಆದರೆ ಕುರ್ತಾ ಹಾಳಾಗಿದ್ದಕ್ಕೆ ಪಡೆಯಬಹುದು. ಯಾವುದೇ ಸೇವೆಯನ್ನು ತಕ್ಕ ಎಚ್ಚರ, ಕೌಶಲದಿಂದ ಕೊಡಬೇಕು ಅಂತ ಇಲ್ಲಿನ 1993ರ ಗ್ರಾಹಕ ಕಾಯ್ದೆ ಹೇಳುತ್ತದೆ. ಪಾರ್ಲರಿನವರು ಒಪ್ಪದಿದ್ದರೆ ಸಣ್ಣಪುಟ್ಟ ವ್ಯಾಜ್ಯ ಬಗೆಹರಿಸುವ ಡಿಸ್ಪ್ಯೂಟ್ಸ್ ಟ್ರಿಬ್ಯೂನಲ್ ಇದೆ. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ, ನಮ್ಮ ವಾದ ನಾವೇ ಮಾಡಬೇಕು. ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಫೋಟೋ, ಬಿಲ್ಲು ಎಲ್ಲ ಸೇರಿಸಿ ಒಂದು ಇಮೇಲ್ ಹಾಕಿದೆ. ವ್ಯಾಕ್ಸಿಂಗ್ ದುಡ್ಡು, ಕುರ್ತಾ ದುಡ್ಡು ಎರಡೂ ವಾಪಸ್ ಬಂದವು. "ಸಾರಿ" ಅನ್ನುವ ಮಾತು ಮಾತ್ರ ಬರಲಿಲ್ಲ.

ಅದೇ ನನಗೆ ಚುಚ್ಚಿದ್ದು. ನಮ್ಮ ಕಡೆ ಆಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟು, ಸೇವೆಯಲ್ಲಿ ಲೋಪವಾಗಿದೆ ಅಂತ ಎದುರಿಗೇ ನಿಂತು ಹೇಳಬಹುದಿತ್ತು. ತಾರೀಖಿನ ಮೇಲೆ ತಾರೀಖು ಬೀಳುತ್ತಿತ್ತು, ಅದು ಬೇರೆ ಮಾತು. ಇಲ್ಲಿ ಔಷಧಿ ಬೇಗ ಸಿಗುತ್ತದೆ, ಆದರೆ ತಪ್ಪು ಮಾಡಿದವರು ನಿಮ್ಮ ಮುಖ ನೋಡಬೇಕಾಗಿಯೇ ಇಲ್ಲ. ಆದರೂ ಆಯ್ಕೆ ಕೊಟ್ಟರೆ ನಾನು ಎಸಿಸಿಯನ್ನೇ ಆರಿಸುತ್ತೇನೆ. ಸುಟ್ಟ ಕೈಗೆ ಮೊದಲು ಬೇಕಾದದ್ದು ಮುಲಾಮು, ಅಲ್ವಾ?

ಮಕ್ಕಳನ್ನು ನೋಡಲು ಇಲ್ಲಿಗೆ ಬರುವ ಅಪ್ಪ ಅಮ್ಮಂದಿರಿಗೂ ಇದು ಅನ್ವಯಿಸುತ್ತದೆ. ವಿಸಿಟರ್ ವೀಸಾದಲ್ಲಿದ್ದರೂ ಇಲ್ಲಿ ಜಾರಿ ಬಿದ್ದರೆ ಚಿಕಿತ್ಸೆಗೆ ಎಸಿಸಿ ನೆರವು ಸಿಗುತ್ತದೆ. ಬಿಪಿ, ಶುಗರ್, ಎದೆನೋವು ಇವೆಲ್ಲ ಕಾಯಿಲೆ, ಅಪಘಾತವಲ್ಲ. ಅವಕ್ಕೆ ಎಸಿಸಿ ಕೊಡುವುದಿಲ್ಲ. ಹಾಗಾಗಿ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸಿಕೊಂಡೇ ಬನ್ನಿ.